ಸಲಹೆಗೆ ದುಡ್ಡು ಕೊಡುವವರು ಯಾರು?

(ಮಾಟುಂಗಾದಲ್ಲಿ ಒಂದು ಭಾನುವಾರ ಬೆಳಿಗ್ಗೆ ಸೇರಿದ್ದ ಮುಂಬಯಿ ಕನ್ನಡಿಗರ ಮುಂದೆ ಆಡಿದ ಮಾತಿನ ಬರಹ ರೂಪ)

ಇಲ್ಲಿ ಕೂತವರಲ್ಲಿ ಎಷ್ಟು ಜನ ವರ್ಷಾ ವರ್ಷಾ ಸಿಎಗೆ ಫೀಸು ಕೊಡುತ್ತೀರಿ? ಕೈ ಎತ್ತಿ. ಸರಿ, ಅರ್ಧ ಸಭೆ ಇದೆ. ಈಗ ಇನ್ನೊಂದು ಪ್ರಶ್ನೆ. ನನ್ನ ದುಡ್ಡು ಎಲ್ಲಿ ಹಾಕಲಿ, ರಿಟೈರ್ ಆದ ಮೇಲೆ ಸಾಕಾಗುತ್ತಾ, ವಿಮೆ ಎಷ್ಟು ಬೇಕು ಅಂತ ಯಾರನ್ನಾದರೂ ಕೇಳಿ, ಆ ಸಲಹೆಗೆ ಅಂತಲೇ ಜೇಬಿನಿಂದ ಫೀಸು ಕೊಟ್ಟವರು ಎಷ್ಟು ಜನ? ಹಿಂದಿನ ಸಾಲಿನಲ್ಲಿ ಒಂದು ಕೈ ಕಾಣುತ್ತಿದೆ. ಪಕ್ಕದವರು ಅವರನ್ನು ಪಾಪ ಅನ್ನುವ ಹಾಗೆ ನೋಡುತ್ತಿದ್ದಾರೆ.

ನಾನು ಇವತ್ತು ಹೇಳಬೇಕಾದ್ದು ಈ ಎರಡು ಪ್ರಶ್ನೆಗಳ ನಡುವೆಯೇ ಇದೆ. ನಮ್ಮ ದೇಶದಲ್ಲಿ ಫೈನಾನ್ಶಿಯಲ್ ಪ್ಲಾನಿಂಗ್ ಅನ್ನುವ ವೃತ್ತಿ ಹೇಗೆ ಬೆಳೆಯಿತು ಅಂತ ಮಾತಾಡಿ ಎಂದು ಸಂಘದವರು ಕೇಳಿದರು. ಪರೀಕ್ಷೆಗಳು ಬಂದವು, ಕಾನೂನು ಬಂತು, ಪದವಿ ಬಂತು, ಎಲ್ಲವೂ ನಿಜ. ಆದರೆ ಒಂದು ವೃತ್ತಿ ನಿಜವಾಗಿ ಹುಟ್ಟುವುದು ಗಿರಾಕಿ ತನ್ನ ಕೈಯಾರೆ ಫೀಸು ಎಣಿಸಿ ಕೊಟ್ಟ ದಿನ. ಅಲ್ಲಿಯವರೆಗೆ ಸಲಹೆಗಾರ ದುಡಿಯುವುದು ಯಾರು ಸಂಬಳ ಕೊಡುತ್ತಾರೋ ಅವರಿಗೆ. ಅಂದರೆ ವಿಮೆ ಕಂಪನಿಗೆ, ಫಂಡ್ ಕಂಪನಿಗೆ, ಬ್ಯಾಂಕಿಗೆ. ನಮಗಲ್ಲ.

ಈ ಕಥೆ ಹೆಚ್ಚುಕಡಿಮೆ ನಡೆದದ್ದು ನಮ್ಮ ಊರಿನಲ್ಲೇ. ನರಿಮನ್ ಪಾಯಿಂಟಿನಲ್ಲಿ ಎಲ್‌ಐಸಿಯ 'ಯೋಗಕ್ಷೇಮ' ಕಟ್ಟಡ, ದಲಾಲ್ ಸ್ಟ್ರೀಟಿನಲ್ಲಿ ಷೇರುಪೇಟೆ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ ಷೇರುಪೇಟೆ, ಫಂಡುಗಳನ್ನು ನಿಯಂತ್ರಿಸುವ ಸೆಬಿ. ಚರ್ಚ್‌ಗೇಟ್ ಟ್ರೇನಿನಲ್ಲಿ ಇವುಗಳ ನೌಕರರ ಪಕ್ಕದಲ್ಲೇ ನಿಂತು ನಾವು ದಿನಾ ಓಡಾಡಿದ್ದೇವೆ.

1956ರ ಸೆಪ್ಟೆಂಬರ್ 1ಕ್ಕೆ ಎಲ್‌ಐಸಿ ಶುರುವಾಯಿತು. 245 ವಿಮೆ ಸಂಸ್ಥೆಗಳನ್ನು ಸೇರಿಸಿ ಸರ್ಕಾರ ಒಂದು ನಿಗಮ ಮಾಡಿತು. ಆಮೇಲೆ ಸುಮಾರು ನಲವತ್ತು ವರ್ಷ ಮಧ್ಯಮ ವರ್ಗದ ಮನೆಗೆ ದುಡ್ಡಿನ ಮಾತು ಆಡಲು ಬರುತ್ತಿದ್ದವನು ಒಬ್ಬನೇ: ವಿಮೆ ಏಜೆಂಟ್. ಅವನು ಹೆಚ್ಚಾಗಿ ಸಂಬಂಧಿಕ, ಇಲ್ಲವೇ ಆಫೀಸಿನ ಸಹೋದ್ಯೋಗಿಯ ಹೆಂಡತಿಯ ತಮ್ಮ. ಚಹಾ ಕುಡಿಯುತ್ತಿದ್ದ, ಫಾರ್ಮ್ ತಾನೇ ತುಂಬುತ್ತಿದ್ದ, ಮೊದಲ ಕಂತು ನಾನೇ ಕಟ್ಟುತ್ತೇನೆ ಅನ್ನುತ್ತಿದ್ದ. ಹಾಗೆ ಕಮಿಷನ್ ಬಿಟ್ಟುಕೊಡುವುದು 1938ರ ವಿಮಾ ಕಾಯ್ದೆಯ ಪ್ರಕಾರ ತಪ್ಪು. ಆದರೂ ಮಾಡದ ಏಜೆಂಟ್ ಸಿಗುವುದೇ ಕಷ್ಟವಾಗಿತ್ತು.

ನಾನೂ ಏಜೆಂಟಾಗಿಯೇ ಈ ಲೈನಿಗೆ ಬಂದವನು. ಹಾಗಾಗಿ ಅವರನ್ನು ಬೈಯುವುದಕ್ಕೆ ಇಲ್ಲಿ ನಿಂತಿಲ್ಲ. ಮನೆಯ ಯಜಮಾನ ತೀರಿಹೋದಾಗ ಕ್ಲೇಮ್ ಫಾರ್ಮ್ ಹಿಡಿದು ಬಾಗಿಲಿಗೆ ಬರುತ್ತಿದ್ದವನು ಅವನೇ. ಬ್ಯಾಂಕ್ ಮ್ಯಾನೇಜರ್ ಬರುತ್ತಿರಲಿಲ್ಲ. ಬ್ಯಾಂಕು ಅಂದಾಗ ಒಂದು ಅಡ್ಡಮಾತು ಹೇಳಿ ಮುಂದೆ ಹೋಗುತ್ತೇನೆ. ಮನೆ ಬಾಗಿಲಿಗೆ ಹೋಗಿ ಉಳಿತಾಯ ಮಾಡಿಸುವ ಈ ಅಭ್ಯಾಸಕ್ಕೆ ನಮ್ಮ ಉಡುಪಿಯವರ ಪಾಲು ದೊಡ್ಡದು. ಆಮೇಲೆ ಸಿಂಡಿಕೇಟ್ ಬ್ಯಾಂಕ್ ಆದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಬಂದು ತೆಗೆದುಕೊಂಡು ಹೋಗುತ್ತಿದ್ದ. ಮೀನು ಮಾರುವವಳು, ನೇಕಾರ, ಹೋಟೆಲ್ ಮಾಣಿ, ಎಲ್ಲರ ಹತ್ತಿರವೂ ಪಾಸ್‌ಬುಕ್ ಬಂತು. ಇವತ್ತು ಎಸ್‌ಐಪಿ ಅಂತ ಟಿವಿಯಲ್ಲಿ ಜಾಹೀರಾತು ಬರುತ್ತದಲ್ಲ, ಸಣ್ಣ ಮೊತ್ತ, ತಪ್ಪದೆ, ಕಣ್ಣು ಮುಚ್ಚಿಕೊಂಡು ಕಟ್ಟುವುದು? ಆ ಶಿಸ್ತು ನಮ್ಮ ಅಜ್ಜಂದಿರಿಗೆ ಹೊಸದೇನಲ್ಲ. ಸಿಂಡಿಕೇಟ್ 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಬೋರ್ಡೂ ಹೋಯಿತು. ಇರಲಿ, ವಿಷಯಕ್ಕೆ ಬರೋಣ.

1964ರಲ್ಲಿ ಯುಟಿಐ, ಅಂದರೆ ಸರ್ಕಾರದ ಯೂನಿಟ್ ಟ್ರಸ್ಟ್ ಆಫ್ ಇಂಡಿಯಾ, ಬಂತು. ಅದರ ಯೂನಿಟ್ ಸ್ಕೀಮ್ 64 ನಿಮ್ಮಲ್ಲಿ ಹಿರಿಯರಿಗೆಲ್ಲ ನೆನಪಿರಬೇಕು. ಅದು ಮ್ಯೂಚುವಲ್ ಫಂಡ್, ಅಂದರೆ ಹಲವರ ದುಡ್ಡು ಸೇರಿಸಿ ಷೇರು, ಬಾಂಡುಗಳಿಗೆ ಹಾಕುವ ಫಂಡ್ ಅಂತ ತಿಳಿದಿದ್ದವರು ಕಡಿಮೆ. ಎಲ್ಲರ ಲೆಕ್ಕದಲ್ಲಿ ಅದು ಸರ್ಕಾರದ ಎಫ್‌ಡಿ, ಬಡ್ಡಿ ಸ್ವಲ್ಪ ಜಾಸ್ತಿ, ಅಷ್ಟೇ. 1987ರಲ್ಲಿ ಎಸ್‌ಬಿಐ, ಕೆನರಾ ಬ್ಯಾಂಕುಗಳ ಫಂಡುಗಳು ಬಂದವು. 1993ರಲ್ಲಿ ಖಾಸಗಿಯವರಿಗೂ ಬಾಗಿಲು ತೆರೆಯಿತು. ಅಷ್ಟರಲ್ಲಿ 1992ರ ಹರ್ಷದ್ ಮೆಹ್ತಾ ಹಗರಣ ಆಗಿಹೋಗಿತ್ತು. ಅದೇ ವರ್ಷ ಸೆಬಿಗೆ ಕಾನೂನಿನ ಬಲ ಸಿಕ್ಕಿತು. ಆದರೆ ಷೇರುಪೇಟೆಗೆ ಕಾವಲುಗಾರ ಬಂದರೂ, ಮನೆಗೆ ಬಂದು ಸಲಹೆ ಕೊಡುವವನಿಗೆ ಇನ್ನೂ ಯಾವ ಕಾವಲೂ ಇರಲಿಲ್ಲ. ತೇಗದ ಗಿಡಕ್ಕೆ ದುಡ್ಡು ಹಾಕಿ, ಇಪ್ಪತ್ತು ವರ್ಷದಲ್ಲಿ ಲಕ್ಷಾಧಿಪತಿಯಾಗಿ ಅನ್ನುವ ಕಂಪನಿಗಳ ಕಾಲ ಅದು. ಆ ಫಾರ್ಮುಗಳನ್ನೂ ಮನೆ ಮನೆಗೆ ತಂದವನು ಅದೇ ಏಜೆಂಟ್.

ನನ್ನ ಪ್ರಕಾರ ಈ ವೃತ್ತಿಗೆ ನಿಜವಾದ ಬೇಡಿಕೆ ಹುಟ್ಟಿದ್ದು 2000, 2001ರ ಹೊತ್ತಿಗೆ. ಕಾರಣ, ಸರ್ಕಾರಿ ಬ್ಯಾಂಕುಗಳ ವಿಆರ್‌ಎಸ್. ದೇಶದಲ್ಲಿ ಒಂದು ಲಕ್ಷದಷ್ಟು ನೌಕರರು ಸ್ವಯಂ ನಿವೃತ್ತಿ ತೆಗೆದುಕೊಂಡರು. ಮುಂಬಯಿಯ ಬ್ಯಾಂಕುಗಳಲ್ಲಿ ನಮ್ಮ ದಕ್ಷಿಣ ಕನ್ನಡದವರು, ಉಡುಪಿಯವರು ಎಷ್ಟು ಜನ ಇದ್ದರು ಅಂತ ನಾನು ಹೇಳಬೇಕಾಗಿಲ್ಲ. ಜೀವಮಾನದಲ್ಲಿ ಒಟ್ಟಿಗೆ ಒಂದು ಲಕ್ಷ ಕಂಡಿರದವರ ಖಾತೆಗೆ ಒಂದೇ ದಿನ ಎಂಟು, ಹತ್ತು ಲಕ್ಷ ಬಂದು ಬಿತ್ತು. ವಯಸ್ಸು ಐವತ್ತು, ಐವತ್ತೆರಡು. ಮಗಳ ಮದುವೆ ಆಗಬೇಕು. ಥಾಣೆಯಲ್ಲೋ ಡೊಂಬಿವಲಿಯಲ್ಲೋ ಫ್ಲ್ಯಾಟಿನ ಕಂತು ಉಳಿದಿದೆ. ಇನ್ನು ಮೂವತ್ತು ವರ್ಷ ಬದುಕಬೇಕು. ಬ್ಯಾಂಕಿನಲ್ಲೇ ಬೆಳೆದವರು, ಸಾಲದ ಲೆಡ್ಜರ್ ಕಣ್ಣು ಮುಚ್ಚಿ ಬರೆಯುವವರು. ಆದರೆ ಇಷ್ಟು ದುಡ್ಡು ಎಷ್ಟು ವರ್ಷ ಬರುತ್ತದೆ ಅನ್ನುವ ಲೆಕ್ಕ ಅವರಿಗೂ ಯಾರೂ ಕಲಿಸಿರಲಿಲ್ಲ. ತಿಂಗಳಿಗೆ ಹತ್ತು ಸಾವಿರ ಖರ್ಚಿನ ಮನೆಗೆ, ಬೆಲೆ ವರ್ಷಕ್ಕೆ ಆರು ಪರ್ಸೆಂಟ್ ಏರಿದರೆ, ಹನ್ನೆರಡು ವರ್ಷಕ್ಕೆ ಇಪ್ಪತ್ತು ಸಾವಿರ ಬೇಕು ಅಂತ ಹೇಳಿದರೆ ಹೌಹಾರುತ್ತಿದ್ದರು.

ಅವರಲ್ಲಿ ಹಲವರು ಆ ದುಡ್ಡನ್ನು ಯೂನಿಟ್ 64ರಲ್ಲಿ ಹಾಕಿದರು. ಸರ್ಕಾರದ್ದು, ಭಯವಿಲ್ಲ ಅಂತ. 2001ರ ಜುಲೈಯಲ್ಲಿ ಯುಟಿಐ ಅದರ ಮಾರಾಟ, ಮರುಖರೀದಿ ಎರಡನ್ನೂ ನಿಲ್ಲಿಸಿಬಿಟ್ಟಿತು. ಸುಮಾರು ಎರಡು ಕೋಟಿ ಯೂನಿಟ್‌ದಾರರು ಸಿಕ್ಕಿಹಾಕಿಕೊಂಡರು. ಕೊನೆಗೆ ಸರ್ಕಾರ ಮಧ್ಯೆ ಬಂದು 6.75 ಪರ್ಸೆಂಟಿನ ತೆರಿಗೆ ಇಲ್ಲದ ಬಾಂಡ್ ಕೊಟ್ಟು ಸಮಾಧಾನ ಮಾಡಿತು. ಆದರೆ ಆ ತಿಂಗಳುಗಳಲ್ಲಿ ಜನ ಕೇಳಿದ ಪ್ರಶ್ನೆ ಹೊಸದು. ಯಾವ ಸ್ಕೀಮ್ ಒಳ್ಳೆಯದು ಅಂತ ಅಲ್ಲ. ಎಲ್ಲವನ್ನೂ ಒಂದೇ ಕಡೆ ಹಾಕು ಅಂತ ನನಗೆ ಹೇಳಿದವರು ಯಾರು, ಯಾಕೆ ಹೇಳಿದರು ಅಂತ.

ಇದೇ ಹೊತ್ತಿಗೆ ಸಿಎಫ್‌ಪಿ ಅನ್ನುವ ಪದವಿ ಭಾರತಕ್ಕೆ ಬಂತು. ಸರ್ಟಿಫೈಡ್ ಫೈನಾನ್ಶಿಯಲ್ ಪ್ಲಾನರ್. ಅದರ ಬೇರು ಅಮೆರಿಕದ್ದು, 1969ರಲ್ಲಿ ಶಿಕಾಗೋದಲ್ಲಿ ಕೆಲವರು ಸೇರಿ ನಡೆಸಿದ ಒಂದು ಸಭೆಯಿಂದ ಶುರು. ಅಲ್ಲೂ ಅದನ್ನು ಹುಟ್ಟುಹಾಕಿದವರು ವಿಮೆ, ಫಂಡ್ ಮಾರುತ್ತಿದ್ದ ಜನವೇ, ಮಾರಿ ಮಾರಿ ಬೇಸತ್ತವರು. ನಮ್ಮಲ್ಲಿ ಆ ಪರೀಕ್ಷೆ ನಡೆಸಲು ಎಫ್‌ಪಿಎಸ್‌ಬಿ ಇಂಡಿಯಾ ಅಂತ ಸಂಸ್ಥೆ ಮುಂಬಯಿಯಲ್ಲೇ ಶುರುವಾಯಿತು. ಹೂಡಿಕೆ, ವಿಮೆ, ತೆರಿಗೆ, ನಿವೃತ್ತಿ, ಆಸ್ತಿ ಹಂಚಿಕೆ, ಎಲ್ಲವನ್ನೂ ಒಟ್ಟಿಗೆ ಓದಬೇಕು. ಕೊನೆಯಲ್ಲಿ ಒಂದು ಕುಟುಂಬದ ಪೂರ್ತಿ ಲೆಕ್ಕ ಕೊಟ್ಟು ಪ್ಲಾನ್ ಮಾಡು ಅನ್ನುತ್ತಾರೆ. ಪರೀಕ್ಷೆ ಕಷ್ಟವೇ. ಆದರೆ ಪಾಸಾದವರಲ್ಲಿ ಹೆಚ್ಚಿನವರು ಎಲ್ಲಿ ಹೋದರು ಗೊತ್ತಾ? ಬ್ಯಾಂಕಿಗೆ. ವಿಸಿಟಿಂಗ್ ಕಾರ್ಡಿನಲ್ಲಿ ಮೂರಕ್ಷರ ಬಂತು, ತಿಂಗಳ ಟಾರ್ಗೆಟ್ ಮಾತ್ರ ಹಾಗೇ ಉಳಿಯಿತು. ಸುಮ್ನೆ ಹೇಳುತ್ತಿಲ್ಲ. ಮಾರ್ಚ್ ತಿಂಗಳಲ್ಲಿ ಯಾವುದೇ ಬ್ಯಾಂಕಿಗೆ ಎಫ್‌ಡಿ ರಿನ್ಯೂ ಮಾಡಲು ಹೋಗಿ ನೋಡಿ. "ಸರ್, ಇದಕ್ಕಿಂತ ಒಳ್ಳೆಯದು ಒಂದಿದೆ" ಅಂತ ಕುರ್ಚಿ ಎಳೆದು ಕೂರಿಸುವ ಹುಡುಗನಿಗೂ ಕೆಲವೊಮ್ಮೆ ಆ ಪದವಿ ಇರುತ್ತದೆ.

ಪದವಿಯಿಂದ ಆಗದ ಬದಲಾವಣೆ ಆಗಿದ್ದು ದುಡ್ಡಿನ ದಾರಿ ಮುರಿದಾಗ. 2009ರ ಆಗಸ್ಟ್ 1. ಸೆಬಿ ಮ್ಯೂಚುವಲ್ ಫಂಡಿನ ಎಂಟ್ರಿ ಲೋಡ್ ತೆಗೆದುಹಾಕಿತು. ಅಲ್ಲಿಯವರೆಗೆ ನೀವು 10,000 ರೂಪಾಯಿ ಚೆಕ್ ಕೊಟ್ಟರೆ, 2.25 ಪರ್ಸೆಂಟ್ ಅಂದರೆ 225 ರೂಪಾಯಿ ಮೊದಲೇ ಕಡಿತವಾಗಿ 9,775 ಮಾತ್ರ ಹೂಡಿಕೆಯಾಗುತ್ತಿತ್ತು. ಆ 225 ಮಧ್ಯವರ್ತಿಗೆ. ಸೆಬಿ ಹೇಳಿತು, ಇನ್ನು ಕಡಿತವಿಲ್ಲ, ಏಜೆಂಟಿಗೆ ಕೊಡಬೇಕಾದರೆ ಗಿರಾಕಿಯೇ ಬೇರೆ ಚೆಕ್ ಬರೆಯಲಿ. ಆಗ ಸಿ.ಬಿ. ಭಾವೆ ಸೆಬಿಯ ಅಧ್ಯಕ್ಷರು. ನಮ್ಮ ಲೈನಿನಲ್ಲಿ ಆ ತಿಂಗಳು ಸೂತಕದ ಮನೆಯ ಹಾಗಿತ್ತು.

ಗಿರಾಕಿಗಳು ಬೇರೆ ಚೆಕ್ ಬರೆದರಾ? ಬರೆಯಲಿಲ್ಲ. ಮಧ್ಯವರ್ತಿಗಳು ಏನು ಮಾಡಿದರು? ಯೂಲಿಪ್ ಕಡೆ ತಿರುಗಿದರು. ವಿಮೆಯೂ ಇದೆ, ಷೇರೂ ಇದೆ ಅನ್ನುವ ಪಾಲಿಸಿ. ಮೊದಲ ವರ್ಷದ ಪ್ರೀಮಿಯಂನಲ್ಲಿ 30, 40 ಪರ್ಸೆಂಟ್ ಚಾರ್ಜ್ ಅಂತ ಕಡಿತವಾಗುತ್ತಿದ್ದ ಯೂಲಿಪ್‌ಗಳೂ ಆಗ ಇದ್ದವು. "ಮೂರೇ ವರ್ಷ ಕಟ್ಟಿ ಸಾಕು" ಅನ್ನುವ ಮಾತನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿಲ್ಲ? 2010ರ ಏಪ್ರಿಲ್‌ನಲ್ಲಿ ಸೆಬಿ 14 ವಿಮೆ ಕಂಪನಿಗಳಿಗೆ, ನಮ್ಮ ಅನುಮತಿ ಇಲ್ಲದೆ ಇದನ್ನು ಮಾರಬೇಡಿ ಅಂತ ಆದೇಶ ಹೊರಡಿಸಿತು. ಮರುದಿನವೇ ವಿಮೆ ನಿಯಂತ್ರಕರು, ಅದಕ್ಕೆ ಕಿವಿಗೊಡಬೇಡಿ ಅಂದರು. ಎರಡು ಸರ್ಕಾರಿ ಸಂಸ್ಥೆಗಳು ಬೀದಿಯಲ್ಲಿ ನಿಂತು ಜಗಳ ಆಡಿದವು. ಜೂನ್‌ನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಯೂಲಿಪ್ ವಿಮೆಯವರದ್ದೇ ಅಂತ ತೀರ್ಪು ಕೊಟ್ಟಿತು. ಸೆಪ್ಟೆಂಬರ್ 1ರಿಂದ ಚಾರ್ಜುಗಳಿಗೆ ಮಿತಿ ಬಂತು, ದುಡ್ಡು ವಾಪಸ್ ತೆಗೆಯಲಾಗದ ಲಾಕ್-ಇನ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಸೋತಿದ್ದು ಸೆಬಿ. ಆದರೆ ಆ ಜಗಳದಿಂದ ಗಿರಾಕಿಗೆ ಲಾಭವೇ ಆಯಿತು ಅಂತ ನಾನು ಹೇಳುತ್ತೇನೆ. ಕಮಿಷನ್ ಅನ್ನುವ ವಿಷಯ ಮೊದಲ ಸಲ ಪೇಪರಿನ ಮುಖಪುಟಕ್ಕೆ ಬಂತು.

ಕಮಿಷನ್ ಪೂರ್ತಿ ನಿಲ್ಲಿಸಿ ಅನ್ನುವ ಮಾತೂ ಆಗ ಕೇಳಿಬಂದಿತ್ತು. ಡಿ. ಸ್ವರೂಪ್ ಅಧ್ಯಕ್ಷತೆಯ ಸಮಿತಿ 2009ರಲ್ಲೇ ಆ ದಾರಿ ತೋರಿಸಿತ್ತು. ಬ್ರಿಟನ್ 2013ರಿಂದ ಹೂಡಿಕೆ ಸಲಹೆಯಲ್ಲಿ ಕಮಿಷನ್ ನಿಲ್ಲಿಸಿಯೇಬಿಟ್ಟಿತು. ನಮ್ಮಲ್ಲಿ ಆ ಧೈರ್ಯ ಬರಲಿಲ್ಲ. ಬರಬೇಕಿತ್ತಾ? ನನಗೆ ಈಗಲೂ ಅನುಮಾನ ಇದೆ. ಏಜೆಂಟ್ ಹೋಗದಿದ್ದರೆ ಗುಲ್ಬರ್ಗದ ಹಳ್ಳಿಯಲ್ಲೋ ವಸಾಯಿಯ ಚಾಳಿನಲ್ಲೋ ವಿಮೆ ಮಾಡಿಸಲು ತಾನೇ ಹೊರಡುವವರು ಯಾರು?

ಸೆಬಿ ಬೇರೆ ದಾರಿ ಹಿಡಿಯಿತು. 2013ರಲ್ಲಿ ಎರಡು ಕೆಲಸ ಮಾಡಿತು. ಜನವರಿ 1ರಿಂದ ಪ್ರತಿ ಮ್ಯೂಚುವಲ್ ಫಂಡಿಗೂ ಡೈರೆಕ್ಟ್ ಪ್ಲಾನ್ ಬಂತು. ಮಧ್ಯವರ್ತಿ ಇಲ್ಲ, ಅವನ ಕಮಿಷನ್ನೂ ಇಲ್ಲ. ಅದೇ ಏಪ್ರಿಲ್‌ನಿಂದ ಹೂಡಿಕೆ ಸಲಹೆಗಾರರ ನಿಯಮಾವಳಿ ಜಾರಿಗೆ ಬಂತು. ಫೀಸು ತೆಗೆದುಕೊಂಡು ಸಲಹೆ ಕೊಡುವವರು ಸೆಬಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಗಿರಾಕಿಯ ಹಿತವೇ ಮೊದಲು, ಗಿರಾಕಿಗೆ ನಷ್ಟ ತಡೆದುಕೊಳ್ಳುವ ತಾಕತ್ತು ಎಷ್ಟಿದೆ ಅಂತ ಮೊದಲು ಅಳೆಯಬೇಕು, ಎಲ್ಲದಕ್ಕೂ ಬರಹದಲ್ಲಿ ದಾಖಲೆ ಇಡಬೇಕು. ನನ್ನ ಲೆಕ್ಕದಲ್ಲಿ ಈ ದೇಶದಲ್ಲಿ ಈ ವೃತ್ತಿಯ ಹುಟ್ಟಿದ ವರ್ಷ 2013. ಅದಕ್ಕೆ ಮುಂಚೆ ಇದ್ದದ್ದು ಒಳ್ಳೆಯ ಏಜೆಂಟ್, ಕೆಟ್ಟ ಏಜೆಂಟ್, ಅಷ್ಟೇ.

ಡೈರೆಕ್ಟ್ ಪ್ಲಾನಿನ ವ್ಯತ್ಯಾಸ ಎಷ್ಟು ಅಂತ ಕೇಳುತ್ತೀರಿ. ತಿಂಗಳಿಗೆ 10,000 ಎಸ್‌ಐಪಿ, 20 ವರ್ಷ. ವರ್ಷಕ್ಕೆ 12 ಪರ್ಸೆಂಟ್ ಬೆಳೆಯಿತು ಅಂತ ಇಟ್ಟುಕೊಂಡರೆ ಸುಮಾರು ಒಂದು ಕೋಟಿ. ಕಮಿಷನ್ ಒಂದು ಪರ್ಸೆಂಟ್ ಹೋಗಿ 11 ಆದರೆ 87 ಲಕ್ಷ. ಇದು ಬರೀ ಲೆಕ್ಕ, ಮಾರ್ಕೆಟ್ ಕೊಡುವ ಭರವಸೆ ಅಲ್ಲ. ಆದರೆ ಆ ಒಂದು ಪರ್ಸೆಂಟಿನ ತೂಕ ಹನ್ನೆರಡು ಲಕ್ಷಕ್ಕೂ ಜಾಸ್ತಿ ಅನ್ನುವುದು ನಿಜ. ಮಧ್ಯವರ್ತಿ ನಿಮ್ಮನ್ನು 2020ರ ಮಾರ್ಚ್‌ನ ಕುಸಿತದಲ್ಲಿ ಹೆದರಿ ಮಾರದಂತೆ ತಡೆದಿದ್ದರೆ ಆ ದುಡ್ಡು ದಂಡ ಅಲ್ಲ. ವರ್ಷಕ್ಕೊಮ್ಮೆ ದೀಪಾವಳಿಗೆ ಮೆಸೇಜ್ ಮಾತ್ರ ಕಳಿಸಿದ್ದರೆ, ನೀವೇ ಯೋಚಿಸಿ.

ಈಗ ಒಂದು ಮನೆಯ ಲೆಕ್ಕ ಹೇಳುತ್ತೇನೆ. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ಕುಂದಾಪುರ ಕಡೆಯವರು, ಒಂದು ಆಫೀಸಿನ ಕ್ಯಾಂಟೀನ್ ನಡೆಸುತ್ತಾರೆ, ವಯಸ್ಸು ನಲವತ್ತರ ಮೇಲೆ ಒಂದು. ಗಂಡ ಹೆಂಡತಿ ಇಬ್ಬರೂ ಬಂದರು. ಸೀರೆ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲವನ್ನು ಟೇಬಲ್ ಮೇಲೆ ಸುರಿದರು. ಪಾಲಿಸಿ ಬಾಂಡುಗಳು, ರಸೀದಿಗಳು, ಎರಡು ಎಫ್‌ಡಿ, ಬಣ್ಣ ಮಾಸಿದ ಒಂದು ಎನ್‌ಎಸ್‌ಸಿ ಸರ್ಟಿಫಿಕೇಟ್. ಎಲ್ಲ ಪಾಲಿಸಿಗಳ ತಾರೀಖು ನೋಡಿದೆ. ಫೆಬ್ರವರಿ, ಮಾರ್ಚ್, ಮಾರ್ಚ್, ಮತ್ತೆ ಮಾರ್ಚ್. ಅಂದರೆ ಕೊಂಡಿದ್ದು ಜೀವಕ್ಕಲ್ಲ, 80ಸಿ ತೆರಿಗೆ ವಿನಾಯಿತಿಗೆ. ಎಲ್ಲ ಸೇರಿ ವರ್ಷಕ್ಕೆ 1,60,000 ಪ್ರೀಮಿಯಂ. ಎಲ್ಲ ಸೇರಿ ಜೀವವಿಮೆ 22 ಲಕ್ಷ. ಮನೆ ಸಾಲ ಬಾಕಿ 30 ಲಕ್ಷ.

ಅರ್ಥವಾಯಿತಲ್ಲ? ಅವರಿಗೆ ನಾಳೆ ಏನಾದರೂ ಆದರೆ ವಿಮೆ ದುಡ್ಡು ಮನೆ ಸಾಲಕ್ಕೂ ಸಾಲದು. ಅವರ ವಯಸ್ಸಿಗೆ ಆಗ ಒಂದು ಕೋಟಿಯ ಟರ್ಮ್ ಪಾಲಿಸಿ ವರ್ಷಕ್ಕೆ ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತಿತ್ತು. ಅದರ ಹೆಸರೇ ಅವರು ಕೇಳಿರಲಿಲ್ಲ. ಬದುಕಿದ್ದರೆ ದುಡ್ಡು ವಾಪಸ್ ಬರುವುದಿಲ್ಲವಲ್ಲ, ಅದನ್ನು ಯಾರು ಮಾರುತ್ತಾರೆ? ಕಮಿಷನ್ನೂ ಚಿಕ್ಕದು.

ಚೀಲದಲ್ಲಿದ್ದ ದೊಡ್ಡ ಪಾಲಿಸಿ ತೆಗೆದುಕೊಂಡು ಲೆಕ್ಕ ತೋರಿಸಿದೆ. ವರ್ಷಕ್ಕೆ 50,000, 20 ವರ್ಷ, ಒಟ್ಟು ಕಟ್ಟುವುದು 10 ಲಕ್ಷ. ಕೊನೆಗೆ ಬೋನಸ್ ಸೇರಿ ಸಿಗಬಹುದಾದ್ದು 17 ಲಕ್ಷ ಚಿಲ್ಲರೆ. ಏಳು ಲಕ್ಷ ಲಾಭ ಅಂತ ಅವರು ಖುಷಿಯಾಗಿದ್ದರು. ಬಿಡಿಸಿ ನೋಡಿದರೆ ಅದು ವರ್ಷಕ್ಕೆ 5 ಪರ್ಸೆಂಟ್. ಅದೇ 50,000 ಪಿಪಿಎಫ್‌ಗೆ 7.1ರ ದರದಲ್ಲಿ ಹಾಕಿದರೆ 22 ಲಕ್ಷ. ಪಿಪಿಎಫ್ ಸರ್ಕಾರದ್ದೇ, ಅಂಚೆ ಕಚೇರಿಯಲ್ಲೂ ಸಿಗುತ್ತದೆ. 1968ರಿಂದ ಇದೆ. ಯಾರೂ ಹೇಳಲಿಲ್ಲ ಯಾಕೆಂದರೆ ಹೇಳಿದವನಿಗೆ ಏನೂ ಸಿಗುವುದಿಲ್ಲ.

ಕೆಲವನ್ನು ಸರೆಂಡರ್ ಮಾಡಿ, ಅಂದರೆ ಮಧ್ಯದಲ್ಲೇ ಮುಚ್ಚಿ, ಸಿಕ್ಕಿದ ದುಡ್ಡು ತೆಗೆದುಕೊಂಡೆವು, ಕೆಲವನ್ನು ಪೇಡ್-ಅಪ್ ಮಾಡಿ ಕಂತು ನಿಲ್ಲಿಸಿದೆವು, ಮುಗಿಯಲು ಬಂದ ಎರಡನ್ನು ಹಾಗೇ ಬಿಟ್ಟೆವು. ಎಲ್ಲವನ್ನೂ ಕಿತ್ತುಹಾಕು ಅನ್ನುವುದು ಯೂಟ್ಯೂಬಿನ ಸಲಹೆ. ಒಂದೊಂದಕ್ಕೂ ಲೆಕ್ಕ ಬೇರೆ. ಮೊದಲು ಟರ್ಮ್ ಪಾಲಿಸಿ ಕೈಗೆ ಬಂತು. ಆಮೇಲೆ ಹಳೆಯದನ್ನು ಮುಟ್ಟಿದೆವು. ಈ ಕ್ರಮ ತಪ್ಪಬಾರದು. ವೈದ್ಯಕೀಯ ಪರೀಕ್ಷೆಯಲ್ಲಿ ಏನಾದರೂ ಸಿಕ್ಕಿ ಹೊಸದು ಸಿಗದೇ ಹೋದರೆ ಇದ್ದದ್ದೂ ಹೋಗುತ್ತದೆ.

ಕೊನೆಗೆ ಫೀಸಿನ ಮಾತು ಬಂತು. ಹದಿನೈದು ಸಾವಿರ ಅಂದೆ. ಅವರ ಮುಖ ಸಣ್ಣದಾಯಿತು. "ನಮ್ಮ ಏಜೆಂಟ್ ಇಷ್ಟು ವರ್ಷದಲ್ಲಿ ಒಂದು ರೂಪಾಯಿ ಕೇಳಿಲ್ಲ ಮಾರಾಯ್ರೆ" ಅಂದರು. ನಾನು ಅದೇ ಹಾಳೆ ತಿರುಗಿಸಿ ಬರೆದೆ. ಅವರು ಆ ಪಾಲಿಸಿ ತೆಗೆದುಕೊಂಡಾಗ ಕಾನೂನಿನ ಪ್ರಕಾರ ಮೊದಲ ವರ್ಷದ ಕಮಿಷನ್ 35 ಪರ್ಸೆಂಟ್‌ವರೆಗೆ ಇರಬಹುದಿತ್ತು. 50,000ಕ್ಕೆ 17,500. ಒಂದೇ ಪಾಲಿಸಿಗೆ, ಒಂದೇ ವರ್ಷಕ್ಕೆ. ಆಮೇಲೆ ಪ್ರತಿ ಕಂತಿಗೂ ಅಷ್ಟಿಷ್ಟು. ಅವರು ಸುಮ್ಮನಾದರು. ಹೆಂಡತಿ ಮಾತ್ರ ಹಾಳೆಯನ್ನೇ ನೋಡುತ್ತಾ, "ಹಾಗಾದ್ರೆ ವರ್ಷಾ ವರ್ಷಾ ಕ್ಯಾಲೆಂಡರು, ಡೈರಿ ತಂದುಕೊಡ್ತಿದ್ದದ್ದು ನಮ್ಮ ದುಡ್ಡಲ್ಲೇ?" ಅಂದರು.

ಈ ಹದಿನೈದು ಸಾವಿರ ಕೇಳುವುದು ಕಷ್ಟ, ಕೊಡುವುದು ಇನ್ನೂ ಕಷ್ಟ. ಅದಕ್ಕೇ ಈ ವೃತ್ತಿ ಕಾನೂನಿನಲ್ಲಿ ಬೆಳೆದಷ್ಟು ತಲೆ ಎಣಿಕೆಯಲ್ಲಿ ಬೆಳೆದಿಲ್ಲ. ಎಲ್‌ಐಸಿ ಒಂದಕ್ಕೇ 13 ಲಕ್ಷಕ್ಕೂ ಜಾಸ್ತಿ ಏಜೆಂಟರಿದ್ದಾರೆ. ಮ್ಯೂಚುವಲ್ ಫಂಡ್ ಮಾರುವವರು ಲಕ್ಷದ ಮೇಲೆ. ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರರು 140 ಕೋಟಿ ಜನರಿಗೆ ಸಾವಿರದ ಆಸುಪಾಸು. ಅದರಲ್ಲೂ ಷೇರು ಟಿಪ್ ಕೊಡುವವರನ್ನು ಬಿಟ್ಟರೆ ಪೂರ್ತಿ ಮನೆ ಪ್ಲಾನ್ ಮಾಡುವವರು ಇನ್ನೂ ಕಡಿಮೆ.

ಯಾಕೆ ಹೀಗೆ? ನಮ್ಮ ಕಡೆಯ ಲೆಕ್ಕವನ್ನೂ ನೋಡಿ. ಒಬ್ಬ ಪ್ಲಾನರ್ ನೂರು ಕುಟುಂಬ ನೋಡಿಕೊಂಡು ತಲಾ 20,000 ತೆಗೆದುಕೊಂಡರೆ ವರ್ಷಕ್ಕೆ 20 ಲಕ್ಷ. ಅದರಲ್ಲಿ ಆಫೀಸಿನ ಬಾಡಿಗೆ, ಒಬ್ಬ ಸಹಾಯಕ, ಸಾಫ್ಟ್‌ವೇರ್, ಒಪ್ಪಂದ ಪತ್ರ, ವರ್ಷಕ್ಕೊಂದು ಆಡಿಟ್. ಜೊತೆಗೆ ಪ್ರತಿ ವರ್ಷ ನೂರು ಸಲ ಕೈ ಚಾಚಬೇಕು. ಅದೇ ಮನುಷ್ಯ 50 ಕೋಟಿ ಮ್ಯೂಚುವಲ್ ಫಂಡ್ ಮಾರಿದ್ದರೆ, ಕಮಿಷನ್ ಮುಕ್ಕಾಲು ಪರ್ಸೆಂಟ್ ಅಂತ ಇಟ್ಟುಕೊಳ್ಳಿ, 37 ಲಕ್ಷದ ಮೇಲೆ. ಯಾರ ಹತ್ತಿರವೂ ಕೇಳಬೇಕಿಲ್ಲ. ಮಾರ್ಕೆಟ್ ಏರಿದರೆ ತಾನೇ ಏರುತ್ತದೆ. ನೀವು ಯಾವುದು ಮಾಡುತ್ತೀರಿ?

2020ರಲ್ಲಿ ಸೆಬಿ ನಿಯಮ ಇನ್ನೂ ಬಿಗಿ ಮಾಡಿತು. ಒಂದೇ ಕುಟುಂಬಕ್ಕೆ ಸಲಹೆಯ ಫೀಸೂ ಬೇಕು, ಮಾರಾಟದ ಕಮಿಷನ್ನೂ ಬೇಕು ಅನ್ನುವ ಹಾಗಿಲ್ಲ ಅಂದಿತು. ಅದು ಸರಿಯೇ. ಬರೀ ಮಾರುವವರು 'ಇಂಡಿಪೆಂಡೆಂಟ್ ಫೈನಾನ್ಶಿಯಲ್ ಅಡ್ವೈಸರ್' ಅಂತ ಬೋರ್ಡ್ ಹಾಕಬಾರದು ಅಂದಿತು. ಅದೂ ಸರಿ. ಆದರೆ ಜೊತೆಗೇ ಸ್ನಾತಕೋತ್ತರ ಓದು, ಐದು ವರ್ಷದ ಅನುಭವ, ಐದು ಲಕ್ಷದ ನೆಟ್‌ವರ್ತ್, 150 ಗಿರಾಕಿ ದಾಟಿದರೆ ಕಂಪನಿ ಮಾಡಬೇಕು ಅಂತ ಎಲ್ಲ ಸೇರಿಸಿಬಿಟ್ಟಿತು. ಪ್ರಾಮಾಣಿಕವಾಗಿ ಫೀಸು ತೆಗೆದುಕೊಳ್ಳುವವನಿಗೆ ಹತ್ತು ಬಾಗಿಲು, ಕಮಿಷನ್ನಿನಲ್ಲಿ ಬದುಕುವವನಿಗೆ ಒಂದೇ ಪರೀಕ್ಷೆ. ನನಗೆ ಗೊತ್ತಿರುವ ಕೆಲವರು ನೋಂದಣಿ ವಾಪಸ್ ಕೊಟ್ಟು ಮತ್ತೆ ಫಂಡ್ ಮಾರಲು ಹೋದರು. ಆ ಜಾಗಕ್ಕೆ ಬಂದವರು ಟೆಲಿಗ್ರಾಮ್, ಇನ್‌ಸ್ಟಾಗ್ರಾಮಿನ ಗುರುಗಳು. ಅವರಿಗೆ ಯಾವ ನಿಯಮವೂ ಇರಲಿಲ್ಲ. 2024ರಲ್ಲಿ ಸೆಬಿ ಅವರ ಮೇಲೂ ಕಣ್ಣಿಟ್ಟಿತು. ನೋಂದಣಿ ಇಲ್ಲದೆ ಸಲಹೆ ಕೊಡುವವರ ಜೊತೆ ಬ್ರೋಕರುಗಳು, ಫಂಡ್ ಕಂಪನಿಗಳು ವ್ಯವಹಾರ ಇಟ್ಟುಕೊಳ್ಳಬಾರದು ಅಂತ.

ಅದೇ 2024ರ ಡಿಸೆಂಬರ್‌ನಲ್ಲಿ ಬಿಗಿ ಮಾಡಿದ್ದನ್ನು ಸಡಿಲಿಸಿತು. ಅನುಭವದ ಷರತ್ತು ಹೋಯಿತು. ನೆಟ್‌ವರ್ತ್ ಬದಲು ಬ್ಯಾಂಕಿನಲ್ಲಿ ಡೆಪಾಸಿಟ್ ಇಟ್ಟರೆ ಸಾಕು. ಕಂಪನಿ ಮಾಡಬೇಕಾದ ಮಿತಿ 300 ಗಿರಾಕಿಗೆ ಏರಿತು. ಬೇರೆ ಕೆಲಸ ಇರುವವರು ಅರೆಕಾಲಿಕವಾಗಿಯೂ ಸಲಹೆ ಕೊಡಬಹುದು. ಒಂದು ಕುಟುಂಬದಿಂದ ವರ್ಷಕ್ಕೆ ತೆಗೆದುಕೊಳ್ಳಬಹುದಾದ ನಿಗದಿತ ಫೀಸಿನ ಮಿತಿ 1,25,000 ಇದ್ದದ್ದು 1,51,000 ಆಯಿತು. ಹೆದರಬೇಡಿ, ಅದು ಗರಿಷ್ಠ. ಅಷ್ಟು ಕೊಡುವ ಗಿರಾಕಿ ನನಗೂ ಬೇಕು!

ನಿಮ್ಮ ಎದುರಿಗೆ ಕೂತವನು ಯಾರ ಕಡೆಯವನು ಅಂತ ತಿಳಿಯಲು ಸುಲಭದ ದಾರಿ ಅವನ ಕಾರ್ಡ್. ಎಆರ್‌ಎನ್ ಅಂತ ನಂಬರ್ ಇದ್ದರೆ ಅವನು ಮ್ಯೂಚುವಲ್ ಫಂಡ್ ಮಾರುವವನು. ಐಎನ್‌ಎ ಅಂತ ಶುರುವಾಗುವ ನಂಬರ್ ಇದ್ದರೆ ಸೆಬಿಯ ನೋಂದಾಯಿತ ಸಲಹೆಗಾರ. ಸೆಬಿ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು. ಎರಡೂ ಇಲ್ಲದಿದ್ದರೆ ಚಹಾ ಕುಡಿಸಿ ಕಳಿಸಿ. ಮಾರುವವನು ಕೆಟ್ಟವನು ಅಂತ ಅರ್ಥವಲ್ಲ. ಅವನು ಮಾರುವವನು ಅಂತ ನಿಮಗೆ ಗೊತ್ತಿರಬೇಕು, ಅಷ್ಟೇ.

ಇನ್ನೊಂದು ಮಾತು, ನಾಮಿನಿ ಬಗ್ಗೆ. ಫಂಡ್ ಆರಿಸುವುದು ಪ್ಲಾನರ್ ಕೆಲಸದಲ್ಲಿ ಸಣ್ಣ ಭಾಗ. ನಮ್ಮ ಜನರಲ್ಲಿ ಊರಿನಲ್ಲಿ ಒಂದು ಮನೆ, ಇಲ್ಲಿ ಒಂದು ಫ್ಲ್ಯಾಟ್, ಮಗ ನ್ಯೂಜೆರ್ಸಿಯಲ್ಲಿ. ನಾಮಿನಿ ಹಾಕಿದ್ದೇನೆ, ವಿಲ್ ಯಾಕೆ ಅಂತ ಕೇಳುತ್ತಾರೆ. ಷೇರು, ಡಿಮ್ಯಾಟ್ ವಿಷಯದಲ್ಲಿ ನಾಮಿನಿ ಮಾಲೀಕನಾಗುವುದಿಲ್ಲ, ವಾರಸುದಾರರ ಹಕ್ಕು ಹಾಗೇ ಇರುತ್ತದೆ ಅಂತ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ನಾಮಿನಿ ದುಡ್ಡು ತೆಗೆದುಕೊಂಡು ಹಕ್ಕುದಾರರಿಗೆ ತಲುಪಿಸುವವನು. ಅಣ್ಣ ತಮ್ಮಂದಿರು ಕೋರ್ಟಿಗೆ ಹೋಗುವುದು ಹೆಚ್ಚಾಗಿ ಇಲ್ಲಿಂದಲೇ. ಇದನ್ನು ಹೇಳಿದ್ದಕ್ಕೆ ಯಾವ ಕಂಪನಿಯೂ ನನಗೆ ಕಮಿಷನ್ ಕೊಡುವುದಿಲ್ಲ.

ಇಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ. ಮಗಳು ಬಿಕಾಂ ಮಾಡಿದ್ದಾಳೆ, ಈ ಲೈನಿಗೆ ಬರಬಹುದಾ, ಎಷ್ಟು ಖರ್ಚು ಅಂತ. ಬರಬಹುದು. ಈಗಿನ ನಿಯಮಕ್ಕೆ ಬಿಕಾಂ ಸಾಕು. ಸೆಬಿಯ ತರಬೇತಿ ಸಂಸ್ಥೆ ಎನ್‌ಐಎಸ್‌ಎಂನ ಎರಡು ಪರೀಕ್ಷೆ ಪಾಸಾಗಬೇಕು, ಹತ್ತು-ಎ ಮತ್ತು ಹತ್ತು-ಬಿ. ಮೂರು ವರ್ಷಕ್ಕೊಮ್ಮೆ ಆ ಸರ್ಟಿಫಿಕೇಟ್ ನವೀಕರಿಸಬೇಕು. 150 ಗಿರಾಕಿಗಳವರೆಗೆ ಡೆಪಾಸಿಟ್ ಒಂದು ಲಕ್ಷ. ಸಿಎಫ್‌ಪಿ ಕಡ್ಡಾಯವಲ್ಲ, ಆದರೆ ಓದಲಿ, ಪೂರ್ತಿ ಮನೆಯ ಲೆಕ್ಕ ಮಾಡಲು ಕಲಿಸುವುದು ಅದೇ. ಮೊದಲ ಒಂದೆರಡು ವರ್ಷ ಯಾವುದಾದರೂ ಫೀಸು ಮಾತ್ರ ತೆಗೆದುಕೊಳ್ಳುವ ಆಫೀಸಿನಲ್ಲಿ ಕೆಲಸ ಮಾಡಲಿ. ಸಂಬಳ ಬ್ಯಾಂಕಿನವರಿಗಿಂತ ಕಡಿಮೆಯೇ ಇರುತ್ತದೆ. ಮತ್ತೆ ಮೊದಲ ಗಿರಾಕಿಗಳಾಗಿ ಅತ್ತೆ, ಮಾವ, ಚಿಕ್ಕಪ್ಪ ಬಂದರೆ ಅವರಿಂದಲೂ ಫೀಸು ತೆಗೆದುಕೊಳ್ಳಲು ಹೇಳಿ, ರಸೀದಿ ಸಮೇತ.